ಐಸಿಯುನಿಂದ ಮನೆಗೆ ಬಂದವರಿಗೆ ಫಿಸಿಯೋಥೆರಪಿ: ಬಳ್ಳಾರಿಯಲ್ಲಿ ನಮಗೆ ಸಿಕ್ಕ ಸೇವೆ

ಬಳ್ಳಾರಿಯಲ್ಲಿ ಮನೆಗೇ ಬರುವ ಫಿಸಿಯೋ ಹುಡುಕುತ್ತಿದ್ದರೆ ಗಾಂಧಿನಗರ ಕಡೆಯಿಂದ ಬರುವ ಈ ಮೇಡಂ ಅವರನ್ನು ಕಣ್ಣುಮುಚ್ಚಿ ಕರೆಸಿ. ತೋರಣಗಲ್ಲು ರಸ್ತೆಯಲ್ಲಿ ಲಾರಿ ಗುದ್ದಿ ನನ್ನ ತಮ್ಮನ ತಲೆಗೆ, ಪಕ್ಕೆಗೆ, ತೊಡೆಗೆ ಪೆಟ್ಟಾಗಿತ್ತು. ವಾರಗಟ್ಟಲೆ ವೆಂಟಿಲೇಟರ್ ಮೇಲಿದ್ದ. ಡಿಸ್ಚಾರ್ಜ್ ಮಾಡುವಾಗ ಆಸ್ಪತ್ರೆಯವರು ಮಾತ್ರೆ ಚೀಟಿ ಕೊಟ್ಟು "ಎಕ್ಸರ್‌ಸೈಜ್ ಮಾಡಿಸಿ" ಅಂದರು, ಅಷ್ಟೇ. ಯಾವುದು, ಎಷ್ಟು, ಎಲ್ಲಿಗೆ ನಿಲ್ಲಿಸಬೇಕು? ಯಾರೂ ಹೇಳಲಿಲ್ಲ.

ಮೇಡಂ ಬಂದವರೇ ಕಾಲು ಎತ್ತಿಸಲಿಲ್ಲ. ನುಂಗುವಾಗ ಕೆಮ್ಮು ಬರುತ್ತಾ, ರಾತ್ರಿ ನಿದ್ದೆ ಮಾಡ್ತಾನಾ, ಬೆನ್ನಿನ ಕೆಳಗೆ ಹುಣ್ಣಾಗಿದೆಯಾ ಅಂತ ಕೇಳಿದರು. ತೊಡೆಗೆ ರಾಡ್ ಹಾಕಿದ್ದರಿಂದ ಆ ಕಾಲಿನ ಮೇಲೆ ಎಷ್ಟು ಭಾರ ಬಿಡಬಹುದು ಅಂತ ಸರ್ಜನ್ ಬರೆದುಕೊಡುವವರೆಗೂ ಅವನನ್ನು ಎಬ್ಬಿಸಿ ನಿಲ್ಲಿಸುವುದಿಲ್ಲ ಅಂದರು. ನನಗೆ ನಂಬಿಕೆ ಬಂದಿದ್ದೇ ಆಗ.

ಮೂಳೆ ಕೂಡಿದೆ, ಆದರೂ ಲೋಟ ಎತ್ತೋಕೆ ಆಗ್ತಿಲ್ಲ ಯಾಕೆ ಅಂತ ನಮ್ಮವ್ವ ದಿನಾ ಅಳುತ್ತಿದ್ದಳು. ಐಸಿಯುನಲ್ಲಿ ಮಾಂಸಖಂಡ ಬೇಗ ಕರಗುತ್ತೆ ಅಂತ ಮೇಡಂ ವಿವರಿಸಿದರು. 2013ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಅಧ್ಯಯನದಲ್ಲಿ, ತೀವ್ರ ಕಾಯಿಲೆಯವರ ತೊಡೆಯ ಸ್ನಾಯುವಿನ ಗಾತ್ರ ಮೊದಲ 10 ದಿನದಲ್ಲೇ ಸುಮಾರು ಶೇ. 18ರಷ್ಟು ಇಳಿದಿತ್ತಂತೆ. ಹತ್ತೇ ದಿನಕ್ಕೆ! ಇವನು ಸೋಮಾರಿ ಅಂತ ಬೈಯುತ್ತಿದ್ದ ನೆಂಟರಿಗೆಲ್ಲ ಅವ್ವ ಈಗ ಇದನ್ನೇ ಹೇಳುತ್ತಾಳೆ.

ಇನ್ನೊಂದು ವಿಷಯ. ನರ್ಸ್‌ಗಳು ಕೊಲ್ಲೋಕೆ ಬಂದಿದ್ರು ಅಂತ ತಮ್ಮ ರಾತ್ರಿ ಬೆಚ್ಚಿಬೀಳುತ್ತಿದ್ದ, ನಿನ್ನೆ ಹೇಳಿದ್ದು ಇವತ್ತು ನೆನಪಿರುತ್ತಿರಲಿಲ್ಲ. ನಾವು ಗಾಳಿ ಸೋಕಿದೆಯೇನೋ ಅಂತ ಹೆದರಿದ್ವಿ. ಐಸಿಯುನಲ್ಲಿ ಜಾಸ್ತಿ ದಿನ ಇದ್ದವರಲ್ಲಿ ಇಂಥ ಭ್ರಮೆ, ಮರೆವು, ಖಿನ್ನತೆ ಎಷ್ಟೋ ಜನರಿಗೆ ಬರುತ್ತೆ, ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಇರಬಹುದು, ನೋಡಿಕೊಳ್ಳುವ ಮನೆಯವರಿಗೂ ತಟ್ಟುತ್ತೆ ಅಂತ ಹೇಳಿ, ಮನೋವೈದ್ಯರ ಹತ್ತಿರ ಕಳಿಸಿದ್ದೂ ಇವರೇ. ಇದು ಅವರ ಕೆಲಸ ಅಲ್ಲವೇ ಅಲ್ಲ, ಆದರೂ ಮಾಡಿದರು.

ವ್ಯಾಯಾಮ ನಿಧಾನ. ಮೊದಲು ಮಂಚದ ಅಂಚಿಗೆ ಕೂರುವುದು, ಆಮೇಲೆ ನಿಲ್ಲುವುದು, ಆಮೇಲೆ ವಾಕರ್. ಬೆರಳಿಗೆ ಆಕ್ಸಿಮೀಟರ್ ಹಾಕಿರುತ್ತಾರೆ, ಉಸಿರು ಜಾಸ್ತಿಯಾದರೆ ಅಲ್ಲಿಗೇ ನಿಲ್ಲಿಸುತ್ತಾರೆ. ಪಾದ ಕೆಳಕ್ಕೆ ಜೋತು ಬೀಳದ ಹಾಗೆ ಪಟ್ಟಿ ಕಟ್ಟೋದನ್ನ ನನಗೂ ಕಲಿಸಿದರು. ಈಗ ತಮ್ಮ ತಾನೇ ಬಚ್ಚಲಿಗೆ ಹೋಗ್ತಾನೆ. ಕೆಲಸಕ್ಕೆ ಇನ್ನೂ ಆಗಲ್ಲ.

ಕೊರತೆ ಅಂದ್ರೆ, ಒಂದು ಸಲಕ್ಕೆ 500 ರೂಪಾಯಿ, ತಿಂಗಳಿಡೀ ಅಂದರೆ ಭಾರವೇ. ಕುರುಗೋಡು, ಸಿರುಗುಪ್ಪ ಕಡೆ ಬರುವುದಿಲ್ಲ. ಗಂಟಲ ಪೈಪು ತೆಗೆದ ಮೇಲೆ ಧ್ವನಿ ಒಡೆದಿದೆ, ಅದಕ್ಕೆ ಬೇರೆಯವರನ್ನೇ ನೋಡಬೇಕಾಯಿತು. ಬೇಸಿಗೆಯಲ್ಲಿ ಬೆಳಿಗ್ಗೆ ಮಾತ್ರ ಬರುತ್ತಾರೆ, ನಮ್ಮೂರ ಬಿಸಿಲಿಗೆ ಅದು ಸರಿಯೇ. ಡಿಸ್ಚಾರ್ಜ್‌ಗೆ ಮುಂಚೆಯೇ ಮಾತಾಡಿಡಿ. ಎಕ್ಸ್‌ರೇ, ಡಿಸ್ಚಾರ್ಜ್ ಸಮರಿ ಕೈಯಲ್ಲಿರಲಿ. ಫೋನ್ ಎತ್ತುವುದು ಕಡಿಮೆ, ವಾಟ್ಸಾಪ್ ಮಾಡಿದರೆ ಸಂಜೆಯೊಳಗೆ ಉತ್ತರ ಬರುತ್ತೆ.