ಆರು ಎಸ್‌ಎಸ್‌ಡಿ, ಒಂದು ರೇಡ್, ಹದಿನೈದು ದಿನದ ನಿದ್ದೆಗೇಡು

ಪೀಣ್ಯದ ಒಂದು ಸಣ್ಣ ಕಾರ್ಖಾನೆಯ ಸರ್ವರ್ ನೋಡಿಕೊಳ್ಳುವವನು ನಾನು. ಕಳೆದ ವರ್ಷ ಅದರ ಹಳೇ ಹಾರ್ಡ್ ಡಿಸ್ಕ್ ತೆಗೆದು ತಿರುಗುವ ತಟ್ಟೆಯಿಲ್ಲದೆ ಚಿಪ್‌ಗಳಲ್ಲೇ ಡೇಟಾ ಇಡುವ ಎಸ್‌ಎಸ್‌ಡಿ ಹಾಕೋಣ ಅಂತಾಯಿತು. ಸರ್ವರ್‌ಗೆಂದೇ ಮಾಡಿದ ಡ್ರೈವ್‌ಗಳ ಕೊಟೇಶನ್ ನೋಡಿ ಮಾಲೀಕರು ಮುಖ ಸಿಂಡರಿಸಿದರು. ನಾನು ಜಾಣನಂತೆ ಎಸ್‌ಪಿ ರೋಡಿಗೆ ಹೋಗಿ, ಮನೆ ಕಂಪ್ಯೂಟರ್‌ಗೆ ಹಾಕುವ 1 ಟಿಬಿಯ ಆರು ಸಾಟಾ ಎಸ್‌ಎಸ್‌ಡಿ ತಂದೆ. "ಎಸ್‌ಎಸ್‌ಡಿ ಅಂದ್ರೆ ಎಸ್‌ಎಸ್‌ಡಿನೇ ಸರ್, ಸ್ಟಿಕ್ಕರ್ ಬೇರೆ ಅಷ್ಟೇ" ಅಂದ ಅಂಗಡಿಯವನು. ನನಗೂ ಆ ಮಾತೇ ಬೇಕಾಗಿತ್ತು.

ಆರನ್ನೂ ಒಂದೇ ಡಿಸ್ಕಿನಂತೆ ಸೇರಿಸಿ, ಒಂದು ಕೆಟ್ಟರೂ ಡೇಟಾ ಉಳಿಯುವ ರೇಡ್ 5 ಕಟ್ಟಿ, ಒಂದು ದೊಡ್ಡ ಫೈಲ್ ಕಾಪಿ ಮಾಡಿ ನೋಡಿದೆ. ಸರ್ರಂತ ಮುಗಿಯಿತು. ಪರೀಕ್ಷೆ ಅಷ್ಟೇ, ಮನೆಗೆ ಹೋದೆ.

ಆರೇಳು ವಾರ ಕಳೆದ ಮೇಲೆ ಅಕೌಂಟ್ಸ್ ಮೇಡಂ ಫೋನ್ ಮಾಡಿದರು. "ಸರ್, ಸೇವ್ ಒತ್ತಿದ್ರೆ ಚಕ್ರ ತಿರುಗ್ತಾನೇ ಇದೆ. ಹಳೇದೇ ಚೆನ್ನಾಗಿತ್ತು." ಬೆಳಿಗ್ಗೆ ಎಲ್ಲ ಸರಿ, ಸಂಜೆ ಸ್ಟಾಕ್ ಎಂಟ್ರಿ ಶುರುವಾದರೆ ಸರ್ವರ್ ನಿಂತ ನೀರು.

ಮೊದಲು ನೆಟ್‌ವರ್ಕ್ ಮೇಲೆ ಅನುಮಾನ ಪಟ್ಟೆ, ಆಮೇಲೆ ಡೇಟಾಬೇಸ್ ಮೇಲೆ. ಡಿಸ್ಕ್ ಎಷ್ಟು ಕಾಯಿಸುತ್ತಿದೆ ಎಂದು ತೋರಿಸುವ ಐಒಸ್ಟ್ಯಾಟ್ ಹಾಕಿ ನೋಡಿದರೆ ಒಂದೊಂದು ಬರಹಕ್ಕೂ 400 ಮಿಲಿಸೆಕೆಂಡ್ ಕಾಯುವಿಕೆ. ಎಸ್‌ಎಸ್‌ಡಿಯಲ್ಲಿ ಅದು ಒಂದೆರಡು ಮಿಲಿಸೆಕೆಂಡ್ ಇದ್ದರೇ ಜಾಸ್ತಿ. ಡ್ರೈವ್‌ಗಳನ್ನು ಸೇರಿಸಿ ನಡೆಸುವ ರೇಡ್ ಕಾರ್ಡ್ ತೆರೆದು ನೋಡಿದೆ: ಬ್ಯಾಟರಿ ಸತ್ತಿದೆ. ಬ್ಯಾಟರಿ ಹೋದರೆ ಕಾರ್ಡ್ ಸದ್ದಿಲ್ಲದೆ, ಬರಹವನ್ನು ತನ್ನ ಕ್ಯಾಶ್‌ನಲ್ಲಿ (ತಾತ್ಕಾಲಿಕ ನೆನಪಿನಲ್ಲಿ) ಇಟ್ಟು ಆಯಿತು ಅನ್ನುವ ರೈಟ್-ಬ್ಯಾಕ್ ಬಿಟ್ಟು ರೈಟ್-ಥ್ರೂಗೆ ಇಳಿಯುತ್ತದೆ. ಪ್ರತಿ ಬರಹವೂ ಡ್ರೈವ್ ತಲುಪುವ ತನಕ ಕಾಯಬೇಕು. ಕಳ್ಳ ಸಿಕ್ಕ ಅಂದುಕೊಂಡು ಹೊಸ ಬ್ಯಾಟರಿ ಹಾಕಿದೆ. ಮೂರು ದಿನ ನೆಮ್ಮದಿ. ನಾಲ್ಕನೇ ದಿನ ಮತ್ತೆ ಅದೇ ಫೋನ್. ಕಾರ್ಡಿನ 1 ಜಿಬಿ ಕ್ಯಾಶ್ ರೋಗವನ್ನು ಮುಚ್ಚಿಟ್ಟಿತ್ತು ಅಷ್ಟೇ. ಸಂಜೆಯ ಹೊರೆಗೆ ಆ 1 ಜಿಬಿ ಸಾಲಲಿಲ್ಲ.

ಆ ಸಂಜೆ ಸರ್ವರ್ ರೂಮಿನಲ್ಲೇ ಕುರ್ಚಿ ಹಾಕಿಕೊಂಡು ಕೂತೆ. ಚಕ್ರ ತಿರುಗಲು ಶುರುವಾದಾಗ ಐದು ಡ್ರೈವ್‌ಗಳ ದೀಪ ಮಿಣುಕಿ ಆರಿತು. ನಾಲ್ಕನೇ ಸ್ಲಾಟಿನ ದೀಪ ಮಾತ್ರ ಆರಲೇ ಇಲ್ಲ, ಹಚ್ಚಿಟ್ಟ ಹಾಗೆ ಉರಿಯುತ್ತಿತ್ತು. ಮದುವೆ ಮನೆಯ ಪಂಕ್ತಿ ನೆನಪಾಯಿತು. ಎಲ್ಲರದ್ದೂ ಊಟ ಆಗಿದೆ, ಒಬ್ಬರು ಇನ್ನೂ ಮಜ್ಜಿಗೆ ಅನ್ನ ಕಲಸುತ್ತಿದ್ದಾರೆ, ಯಾರೂ ಏಳುವ ಹಾಗಿಲ್ಲ. ರೇಡ್ ಕೂಡ ಹಾಗೇ. ಅದರ ವೇಗ ಅಂದರೆ ಅತಿ ನಿಧಾನದ ಡ್ರೈವಿನ ವೇಗ. ನಾಲ್ಕನೆಯದು ಮೊದಲು ಸೋತಿತ್ತು. ಮುಂದಿನ ದಿನಗಳಲ್ಲಿ ಬೇರೆಯವೂ ಸರದಿಯಂತೆ ಸೋತವು.

ಕಾರಣ ಒಂದಲ್ಲ. ಅಗ್ಗದ ಎಸ್‌ಎಸ್‌ಡಿ ಒಳಗೆ ಬೇಗ ಬರೆಸಿಕೊಳ್ಳುವ ಚಿಕ್ಕದೊಂದು ಭಾಗ, ಎಸ್‌ಎಲ್‌ಸಿ ಕ್ಯಾಶ್, ಇರುತ್ತದೆ. ಪೆಟ್ಟಿಗೆ ಮೇಲಿನ ಸೆಕೆಂಡಿಗೆ 500 ಚಿಲ್ಲರೆ ಎಂಬಿ ಬರೆಯುವ ವೇಗ ಆ ಕ್ಯಾಶ್ ತುಂಬುವ ತನಕ ಮಾತ್ರ. ತುಂಬಿದ ಮೇಲೆ ಕೆಲವು ಡ್ರೈವ್ 100 ಎಂಬಿಗಿಂತ ಕೆಳಗೆ ಬೀಳುತ್ತವೆ. ಇನ್ನೊಂದು, ಬಹಳಷ್ಟು ರೇಡ್ ಕಾರ್ಡ್‌ಗಳು "ಈ ಜಾಗ ಈಗ ಖಾಲಿ" ಎಂದು ತಿಳಿಸುವ ಟ್ರಿಮ್ ಆದೇಶವನ್ನು ಡ್ರೈವ್‌ಗೆ ದಾಟಿಸುವುದಿಲ್ಲ. ನೀವು ಅಳಿಸಿದ್ದು ಡ್ರೈವ್‌ಗೆ ಗೊತ್ತೇ ಆಗುವುದಿಲ್ಲ. ನಾನು ಶುರುವಿನಲ್ಲೇ ಇಡೀ ಡ್ರೈವ್ ಮೇಲೆ ಬರೆದುಬಿಡುವ ಫುಲ್ ಇನಿಶಿಯಲೈಸ್ ಬೇರೆ ಕೊಟ್ಟಿದ್ದೆ. ಅಂದರೆ ಮೊದಲ ದಿನವೇ ಡ್ರೈವ್ ಲೆಕ್ಕದಲ್ಲಿ ಮನೆ ಭರ್ತಿ, ಕಾಲಿಡಲು ಜಾಗವಿಲ್ಲ. ರೇಡ್ 5ರಲ್ಲಿ ಒಂದು ಸಣ್ಣ ಬರಹಕ್ಕೆ ಎರಡು ಓದು, ಎರಡು ಬರಹ ಬೇರೆ.

ಎಲ್ಲಕ್ಕಿಂತ ದೊಡ್ಡ ಏಟು ಕೆಪಾಸಿಟರ್‌ನದ್ದು. ಸರ್ವರ್ ಎಸ್‌ಎಸ್‌ಡಿ ಒಳಗೆ ಕರೆಂಟ್ ಹೋದರೂ ಕ್ಷಣಕಾಲ ಜೀವ ಹಿಡಿಯುವ ಕೆಪಾಸಿಟರ್‌ಗಳಿರುತ್ತವೆ. ಹಾಗಾಗಿ ಡೇಟಾಬೇಸ್ "ನಿಜವಾಗಲೂ ಬರೆದೆಯಾ?" ಎಂದು ಕೇಳಿದರೆ ತಕ್ಷಣ ಹೂಂ ಅನ್ನುತ್ತದೆ. ಮನೆ ಎಸ್‌ಎಸ್‌ಡಿಯಲ್ಲಿ ಸಾಮಾನ್ಯವಾಗಿ ಅದಿಲ್ಲ. ಫ್ಲ್ಯಾಶ್ ಚಿಪ್‌ಗೆ ಪೂರ್ತಿ ಬರೆದೇ ಉತ್ತರ ಕೊಡಬೇಕು. ಪ್ರತಿ ಬಿಲ್ಲಿಗೂ ಇದೇ ಪ್ರಶ್ನೆ.

ಕಾಪಿ ಪರೀಕ್ಷೆಯಲ್ಲಿ ಇದ್ಯಾವುದೂ ಕಾಣುವುದಿಲ್ಲ. ಡಿಸ್ಕ್ ವೇಗ ಅಳೆಯುವ ಎಫ್‌ಐಒ ಬಳಸಿ, 4 ಕೆಬಿ ರ‍್ಯಾಂಡಮ್ ಬರಹ, ಸಿಸ್ಟಂನ ಕ್ಯಾಶ್ ತಪ್ಪಿಸುವ ಡೈರೆಕ್ಟ್ ಮತ್ತು "ನಿಜವಾಗಲೂ ಬರೆದೆಯಾ?" ಎಂದು ಕೇಳುವ ಎಫ್‌ಸಿಂಕ್ ಎರಡೂ ಆನ್ ಮಾಡಿ, ಕನಿಷ್ಠ ಅರ್ಧ ಗಂಟೆ ಓಡಿಸಿ. ಮೊದಲ ನಿಮಿಷದ ಅಂಕಿ ನಂಬಬೇಡಿ, ಕೊನೆಯ ಹತ್ತು ನಿಮಿಷದ್ದು ನೋಡಿ. ಅಂದಹಾಗೆ, ಡೇಟಾ ಇರುವ ಡಿಸ್ಕಿನ ಹೆಸರನ್ನೇ ಅದಕ್ಕೆ ಕೊಟ್ಟುಬಿಟ್ಟರೆ ಡೇಟಾ ಮೇಲೇ ಬರೆದುಹಾಕುತ್ತದೆ. ರಾತ್ರಿ ಹನ್ನೊಂದಕ್ಕೆ ನಾನು ಎಂಟರ್ ಒತ್ತುವ ಮುಂಚೆ ಗಮನಿಸಿದೆ, ಬಚಾವಾದೆ. ಪರೀಕ್ಷೆಗೆಂದೇ ಮಾಡಿದ ಹೊಸ ಫೈಲ್ ಮೇಲೆ ಓಡಿಸಿ.

ದುಡ್ಡು ಕೊಟ್ಟು ತಂದ ಸರ್ವರ್ ಡ್ರೈವ್ ಅಂತ ಕಣ್ಣು ಮುಚ್ಚಿ ಕೂರುವ ಹಾಗೂ ಇಲ್ಲ. 2019ರಲ್ಲಿ ಸರ್ವರ್ ಮಾಡುವ ಕಂಪನಿ ಎಚ್‌ಪಿಇ ತನ್ನ ಕೆಲವು ಸರ್ವರ್ ಎಸ್‌ಎಸ್‌ಡಿಗಳು 32,768 ಗಂಟೆ ಓಡಿದ ತಕ್ಷಣ ಸಾಯುತ್ತವೆ, ಫರ್ಮ್‌ವೇರ್ (ಡ್ರೈವ್ ಒಳಗಿನ ಸಾಫ್ಟ್‌ವೇರ್) ಬದಲಿಸಿ ಎಂದು ತಾನೇ ಹೇಳಿತ್ತು. ಒಂದೇ ದಿನ ಚಾಲೂ ಆದ ಡ್ರೈವ್‌ಗಳಾದರೆ ರೇಡ್ ಇದ್ದೂ ಇಲ್ಲದ ಹಾಗೆ, ಅಲ್ವಾ? ಫರ್ಮ್‌ವೇರ್ ಸೂಚನೆಗಳನ್ನು ಈಗ ತಿಂಗಳಿಗೊಮ್ಮೆ ನೋಡುತ್ತೇನೆ.

ಕೊನೆಗೆ ಮಾಲೀಕರ ಮುಂದೆ ತಪ್ಪೊಪ್ಪಿಕೊಂಡು, ಕೆಪಾಸಿಟರ್ ಇರುವ 1.92 ಟಿಬಿಯ ನಾಲ್ಕು ಡ್ರೈವ್ ತರಿಸಿ ಎಲ್ಲದರ ಎರಡೆರಡು ಪ್ರತಿ ಇಡುವ ರೇಡ್ 10 ಕಟ್ಟಿದೆ. ಒಂದಷ್ಟು ಜಾಗ ಖಾಲಿ ಬಿಟ್ಟೆ. ಹಳೇ ಆರನ್ನು ಸೆಕ್ಯೂರ್ ಇರೇಸ್ ಮಾಡಿ, ಅಂದರೆ ಪೂರ್ತಿ ಅಳಿಸಿ ಖಾಲಿ ಮಾಡಿ, ಆಫೀಸಿನ ಕಂಪ್ಯೂಟರ್‌ಗಳಿಗೆ ಹಾಕಿದೆ. ನಾಲ್ಕನೇ ಸ್ಲಾಟಿನದು ಅಕೌಂಟ್ಸ್ ಮೇಡಂ ಕಂಪ್ಯೂಟರ್‌ಗೆ ಹೋಯಿತು. ತುಂಬಾ ಫಾಸ್ಟ್ ಇದೆ ಸರ್, ಇದನ್ನೇ ಸರ್ವರ್‌ಗೂ ಹಾಕಬಹುದಿತ್ತಲ್ಲ ಅಂದರು.