ದುರ್ಗಿಗುಡಿಯ ಕನ್ನಡಕದ ಅಂಗಡಿ: ಅರವತ್ತು ದಾಟಿದವರ ಕಣ್ಣಿಗೆ

ಶಿವಮೊಗ್ಗದ ದುರ್ಗಿಗುಡಿಯಲ್ಲಿ ಕನ್ನಡಕದ ಅಂಗಡಿಗಳಿಗೆ ಕೊರತೆಯಿಲ್ಲ. ಆದರೆ ವಯಸ್ಸಾದವರ ದಿನಚರಿಯನ್ನು ವಿಚಾರಿಸಿಕೊಂಡು ಕನ್ನಡಕ ಕೊಡುವವರು ಅಪರೂಪವಾದ್ದರಿಂದ, ಮಹಡಿಯ ಮೇಲಿರುವ ಈ ಪುಟ್ಟ ಅಂಗಡಿಯ ಬಗ್ಗೆ ಬರೆಯಬೇಕೆನಿಸಿತು.

ವಯಸ್ಸು 40ರ ಆಸುಪಾಸಿಗೆ ಬಂದಾಗ ಕಣ್ಣಿನೊಳಗಿನ ಮಸೂರ ಗಡುಸಾಗಿ, ಹತ್ತಿರದ ಅಕ್ಷರಕ್ಕೆ ತಕ್ಕಂತೆ ಆಕಾರ ಬದಲಿಸುವ ಶಕ್ತಿಯನ್ನು ಕಳೆದುಕೊಳ್ಳುತ್ತಾ ಹೋಗುವುದರಿಂದ ಚಾಳೀಸು ಬರುತ್ತದೆ. ಅರವತ್ತರ ಹೊತ್ತಿಗೆ ಓದುವುದಕ್ಕೆ ಸಾಮಾನ್ಯವಾಗಿ 2.50ರಷ್ಟು ಹೆಚ್ಚುವರಿ ಪವರ್ ಬೇಕಾಗುತ್ತದೆ. ದೂರಕ್ಕೂ ಹತ್ತಿರಕ್ಕೂ ಒಂದೇ ಆಗಲೆಂದು ನಾನು ಪ್ರೋಗ್ರೆಸಿವ್ ಲೆನ್ಸ್ ಕೇಳಿದೆ. ಅಂಗಡಿಯ ಯುವಕ ಫ್ರೇಮುಗಳನ್ನು ತೆಗೆಯುವ ಮೊದಲೇ, "ಸರ್, ದಿನಾ ತೋಟಕ್ಕೆ ಇಳಿತೀರಾ? ದಾರೀಲಿ ಸಂಕ (ಕಾಲುಸೇತುವೆ) ಏನಾದ್ರೂ ಇದೆಯಾ?" ಎಂದು ಕೇಳಿದ.

ಮಲೆನಾಡಿನಲ್ಲಿ ಕೇಳಬೇಕಾದ ಪ್ರಶ್ನೆಯೇ ಅದು. ಇಂಥ ಲೆನ್ಸಿನ ಕೆಳಭಾಗ ಓದುವ ದೂರಕ್ಕೆಂದು ಮಾಡಿದ್ದು. ನಿಂತು ಕೆಳಗೆ ನೋಡಿದರೆ ಪಾದ ಅದಕ್ಕಿಂತ ಎಷ್ಟೋ ದೂರದಲ್ಲಿರುವುದರಿಂದ ನೆಲ ಮಸುಕಾಗುತ್ತದೆ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳಕ್ಕೆ ಹಾಸಿದ ಅಡಿಕೆ ದಬ್ಬೆ, ಸವೆದ ಜಂಬಿಟ್ಟಿಗೆ ಮೆಟ್ಟಿಲು, ತುಂಬಿ ಹರಿಯುವ ಹಳ್ಳದ ಮೇಲಿನ ಸಂಕ ಇವೆಲ್ಲ ಹೆಜ್ಜೆಯ ಅಂಚು ಸ್ಪಷ್ಟವಾಗಿ ಕಾಣಲೇಬೇಕಾದ ಜಾಗಗಳು. 2010ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದು, ಹೊರಗೆ ಹೆಚ್ಚು ಓಡಾಡುವ ಹಿರಿಯರಿಗೆ ದೂರದೃಷ್ಟಿಯದೇ ಪ್ರತ್ಯೇಕ ಕನ್ನಡಕ ಕೊಟ್ಟಾಗ ಅವರು ಬೀಳುವುದು ಕಡಿಮೆಯಾಯಿತೆಂದು ತೋರಿಸಿತ್ತು. ಹೊರಗೆ ಹೋಗುವುದೇ ಅಪರೂಪವಾದವರಿಗೆ ಆ ಪ್ರಯೋಜನ ಆಗಲಿಲ್ಲ ಎಂಬುದನ್ನೂ ಹೇಳಬೇಕು.

ಕೊನೆಗೆ ಆತ ತೋಟಕ್ಕೊಂದು, ಓದುವುದಕ್ಕೊಂದು ಎಂದು ಎರಡು ಸಾದಾ ಕನ್ನಡಕ ಮಾಡಿಕೊಟ್ಟ. ಎರಡೂ ಸೇರಿ ನಾನು ಕೇಳಿದ್ದ ಪ್ರೋಗ್ರೆಸಿವ್ ಕನ್ನಡಕಕ್ಕಿಂತ ಕಡಿಮೆ ಬೆಲೆಗೆ ಬಂದವು. ಹರೆಯದಲ್ಲಿ ಒಂದೇ ದೇಹ ಎಲ್ಲ ಕೆಲಸಕ್ಕೂ ಸಾಕಾಗುತ್ತಿತ್ತು. ಈಗ ಒಂದೊಂದು ಕೆಲಸಕ್ಕೂ ಅದರದೇ ಸಿದ್ಧತೆ, ಅದರದೇ ನಿಧಾನ ಬೇಕು. ಎಲ್ಲಿ ಕಾಲು ಅಳುಕುತ್ತದೆ, ಯಾವ ಹೊತ್ತಿನಲ್ಲಿ ಕಣ್ಣು ಮಂಜಾಗುತ್ತದೆ ಎಂಬುದನ್ನು ಮನೆಯ ಮಕ್ಕಳಿಗೂ ಹೇಳಲು ಹಿಂಜರಿಯುವ ನಮ್ಮ ತಲೆಮಾರಿನವರು, ಆತನ ಮುಂದೆ ಕುಳಿತರೆ ಸಂಕೋಚವಿಲ್ಲದೆ ಹೇಳಿಕೊಳ್ಳುತ್ತಾರೆ. ಈ ಅಂಗಡಿಯಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಂಡದ್ದು ಆ ಕೇಳುವ ತಾಳ್ಮೆ.

ಕೊರತೆಗಳೂ ಇವೆ. ಮೆಟ್ಟಿಲು ಕಡಿದಾಗಿದ್ದು, ಹಿಡಿದುಕೊಳ್ಳಲು ಕಂಬಿಯಿಲ್ಲ. ಹಿರಿಯರೇ ಹೆಚ್ಚಾಗಿ ಬರುವ ಜಾಗದಲ್ಲಿ ಇದನ್ನು ತಕ್ಷಣ ಸರಿಪಡಿಸಬೇಕು. ಹೇಳಿದ ದಿನಕ್ಕೆ ಕನ್ನಡಕ ಸಿದ್ಧವಾಗಿರಲಿಲ್ಲ. ಇಲ್ಲಿ ಪವರ್ ಮಾತ್ರ ನೋಡುತ್ತಾರೆ; ಪೊರೆ, ಗ್ಲಾಕೋಮಾಗಳ ತಪಾಸಣೆಯನ್ನು ಕಣ್ಣಿನ ವೈದ್ಯರಲ್ಲಿ ಮೊದಲೇ ಮಾಡಿಸಿ, ಅವರು ಬರೆದುಕೊಟ್ಟ ಚೀಟಿಯನ್ನು ಜೊತೆಗೆ ಒಯ್ಯುವುದು ಒಳ್ಳೆಯದು.