ವಿಕಿಪೀಡಿಯ ಎಪಿಐ: ಕೆಲವು ವರ್ಷ ಬಳಸಿದ ಮೇಲೆ

ಕನ್ನಡ ವಿಕಿಪೀಡಿಯದಿಂದ ಊರುಗಳ ಪರಿಚಯ ತಂದು ತೋರಿಸುವ ಒಂದು ಚಿಕ್ಕ ಆ್ಯಪ್ ನಡೆಸುತ್ತಿದ್ದೇನೆ. ಅದರ ಬೆನ್ನಿಗಿರುವುದು ವಿಕಿಪೀಡಿಯವನ್ನು ನಡೆಸುವ ತಂತ್ರಾಂಶವಾದ ಮೀಡಿಯಾವಿಕಿಯ ಆ್ಯಕ್ಷನ್ ಎಪಿಐ. ಎಪಿಐ ಅಂದರೆ ನಮ್ಮ ಪ್ರೋಗ್ರಾಂ ಅಲ್ಲಿಂದ ಮಾಹಿತಿ ಕೇಳಿ ಪಡೆಯುವ ದಾರಿ. ದುಡ್ಡು ಕೊಡಬೇಕಾಗಿಲ್ಲ. ಬರೀ ಓದುವುದಾದರೆ ಎಪಿಐ ಕೀ (ಗುರುತಿನ ಗುಪ್ತಪದ) ಕೂಡ ಬೇಡ. 5ಕ್ಕೆ 4 ಕೊಡುತ್ತೇನೆ. ಉಳಿದ 1 ಹೋಗಿದ್ದು ಉತ್ತರ ಬರುವ ರೂಪಕ್ಕೆ.

ಯಾವ ಫಾರ್ಮ್ಯಾಟ್ ಬೇಕು ಅಂತ ಹೇಳದೆ ಕೇಳಿದರೆ ಇದು ಜೇಸನ್ (ಪ್ರೋಗ್ರಾಂ ಓದಲೆಂದು ಮಾಹಿತಿಯನ್ನು ಹೆಸರು-ಮೌಲ್ಯದ ಜೋಡಿಗಳಾಗಿ ಬರೆಯುವ ರೂಪ, ಆ ಹೆಸರೇ ‘ಕೀ’) ಕೊಡುವುದಿಲ್ಲ. ಜೇಸನ್ ಹೇಗಿರುತ್ತದೆ ಅಂತ ತೋರಿಸುವ ಎಚ್‌ಟಿಎಂಎಲ್ ಪುಟ ಕೊಡುತ್ತದೆ! ಬ್ರೌಸರ್‌ನಲ್ಲಿ ನೋಡುವವರಿಗೆ ಚೆನ್ನಾಗಿದೆ. ಅದೇ ವಿಳಾಸವನ್ನು ಕೋಡ್‌ಗೆ ಹಾಕಿದರೆ ಪಾರ್ಸರ್ (ಜೇಸನ್ ಓದಿ ಬಿಡಿಸುವ ಭಾಗ) ಮೊದಲ ಅಕ್ಷರದಲ್ಲೇ ಮುಗ್ಗರಿಸುತ್ತದೆ. ಫಾರ್ಮ್ಯಾಟ್ ಜೇಸನ್ ಅಂತ ಬರೆದುಬಿಟ್ಟರೆ ಈ ಕಾಟ ಇಲ್ಲ.

ಅದರ ಜೊತೆಗೇ ಫಾರ್ಮ್ಯಾಟ್‌ವರ್ಷನ್ 2 ಅಂತಲೂ ಸೇರಿಸಿ. 2015ರ ಮೀಡಿಯಾವಿಕಿ 1.25ರಲ್ಲೇ ಬಂದಿದ್ದು, ಆದರೂ ಹಳೆಯ ಕೋಡ್ ಮುರಿಯಬಾರದು ಅಂತ ಏನೂ ಹೇಳದಿದ್ದರೆ ಸಿಗುವ ಡಿಫಾಲ್ಟ್ ಇನ್ನೂ 1. ಆ ಹಳೆಯ ರೂಪದಲ್ಲಿ ಪುಟಗಳು ಪಟ್ಟಿಯಾಗಿ ಬರುವುದಿಲ್ಲ, ಪುಟದ ಐಡಿಯೇ ಕೀ. ಇಲ್ಲದ ಲೇಖನ ಕೇಳಿದರೆ ಐಡಿ -1, ಒಳಗೆ ‘ಮಿಸ್ಸಿಂಗ್’ ಎಂಬ ಕೀಗೆ ಖಾಲಿ ಸ್ಟ್ರಿಂಗ್. ಜಾವಾಸ್ಕ್ರಿಪ್ಟ್‌ನಲ್ಲಿ ಖಾಲಿ ಸ್ಟ್ರಿಂಗ್ ಅಂದರೆ ಸುಳ್ಳು, ಅಲ್ವಾ? ಹಾಗಾಗಿ ಸುಮ್ನೆ ‘ಇಫ್ ಮಿಸ್ಸಿಂಗ್’ ಅಂತ ಬರೆದ ಕೋಡ್, ಇಲ್ಲದ ಲೇಖನವನ್ನೂ ಇದೆ ಅಂತಲೇ ನಂಬುತ್ತದೆ. ಹೊಸ ರೂಪದಲ್ಲಿ ಪಟ್ಟಿ ಪಟ್ಟಿಯೇ, ಟ್ರೂ ಟ್ರೂ ಅಂತಲೇ ಬರುತ್ತದೆ. ಕನ್ನಡ ಅಕ್ಷರಗಳೂ ಸೀದಾ ಕಾಣುತ್ತವೆ. ಹಳೆಯದರಲ್ಲಿ ‘ಕ’ ಬದಲು ಬ್ಯಾಕ್‌ಸ್ಲ್ಯಾಶ್ ಹಾಕಿದ ಸಂಕೇತ ಬರುತ್ತದೆ. ಪಾರ್ಸರ್‌ಗೆ ಎರಡೂ ಒಂದೇ, ಲಾಗ್ (ಪ್ರೋಗ್ರಾಂ ಬರೆದಿಡುವ ದಾಖಲೆ) ಓದುವ ನಮಗೆ ಕಣ್ಣುರಿ.

ಕನ್ನಡದವರು ಜಾಸ್ತಿ ಗಮನ ಕೊಡಬೇಕಾದ್ದು ಇನ್ನೊಂದಿದೆ. ‘ಕೊಡಗು’ ಅನ್ನುವುದರಲ್ಲಿನ ‘ಕೊ’ವನ್ನು ಯೂನಿಕೋಡ್‌ನಲ್ಲಿ ಎರಡು ರೀತಿ ಬರೆಯಬಹುದು. ‘ಕ’ ಜೊತೆ ಒಂದೇ ಒತ್ವ, ಇಲ್ಲವೇ ಎತ್ವದ ಮುಂದೆ ಊತ್ವದ ಚಿಹ್ನೆ. ತೆರೆಯ ಮೇಲೆ ಎರಡೂ ಒಂದೇ ಥರ. ಎರಡನೆಯದನ್ನು ಕಳಿಸಿದರೂ ಎಪಿಐ ಮೊದಲನೆಯದಕ್ಕೆ ತಿದ್ದಿಕೊಂಡು ಸರಿಯಾದ ಲೇಖನವನ್ನೇ ಕೊಡುತ್ತದೆ. ಆದರೆ ಉತ್ತರದಲ್ಲಿರುವ ಶೀರ್ಷಿಕೆಯನ್ನು ನಿಮ್ಮ ಪಟ್ಟಿಯ ಹೆಸರಿಗೆ ಹೋಲಿಸಿ ನೋಡಿ, ಹೊಂದುವುದಿಲ್ಲ! ಏನನ್ನು ಏನಾಗಿ ತಿದ್ದಿದೆ ಅಂತ ‘ನಾರ್ಮಲೈಸ್ಡ್’ ಎಂಬ ಭಾಗದಲ್ಲಿ ಹೇಳಿರುತ್ತದೆ ನಿಜ, ಅಲ್ಲಿ ನೀವು ಕಳಿಸಿದ ಹೆಸರು ಪರ್ಸೆಂಟ್ ಚಿಹ್ನೆಗಳ ಸಾಲಾಗಿ ಕೂತಿರುತ್ತದೆ. ಕಳಿಸುವ ಮೊದಲೇ ಹೆಸರುಗಳನ್ನು ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಮೇಲೆ ಹೇಳಿದ ಮೊದಲನೆಯ ಬಗೆಗೆ, ತಂದುಬಿಡಿ. ಪೈಥಾನ್‌ನಲ್ಲೂ ಜಾವಾಸ್ಕ್ರಿಪ್ಟ್‌ನಲ್ಲೂ ಅದು ಒಂದೇ ಸಾಲಿನ ಕೆಲಸ.

ತಪ್ಪಾದಾಗ ಬರುವ ಉತ್ತರದ ಕಥೆ ಬೇರೆ. ಇಲ್ಲದ ಆ್ಯಕ್ಷನ್ (ಏನು ಮಾಡಬೇಕೆಂಬ ಆದೇಶ) ಹೆಸರು ಕೊಟ್ಟರೂ ‘ಎಲ್ಲ ಸರಿಯಿದೆ’ ಎನ್ನುವ ಸ್ಟೇಟಸ್ 200 ಬರುತ್ತದೆ, ‘ಎರರ್’ ಜೇಸನ್ ಒಳಗಿರುತ್ತದೆ. ಇನ್ನು ಯೂಸರ್-ಏಜೆಂಟ್ (ಕೇಳುತ್ತಿರುವ ಪ್ರೋಗ್ರಾಂ ಯಾವುದೆಂದು ಹೇಳುವ ಗುರುತು) ಇಲ್ಲದೆ ಹೋದರೆ, ಮಿತಿಮೀರಿ ಕೇಳಿದರೆ ಬಾಗಿಲಲ್ಲೇ ತಡೆಯುವ ಸಾಧ್ಯತೆ ಇದೆ. ಆಗ ಬರುವುದು ಜೇಸನ್ ಆಗಿರಲೇಬೇಕೆಂದಿಲ್ಲ. ಅದಕ್ಕೇ ನಾನು ಮೊದಲು ಸ್ಟೇಟಸ್, ಆಮೇಲೆ ಕಂಟೆಂಟ್-ಟೈಪ್ (ಉತ್ತರ ಯಾವ ರೂಪದ್ದು ಅನ್ನುವ ಸೂಚನೆ), ಆಮೇಲೆ ‘ಎರರ್’ ಕೀ ನೋಡಿ, ನಂತರವೇ ಪುಟಗಳಿಗೆ ಕೈ ಹಾಕುವುದು. ಯಾವುದಾದರೂ ತಪ್ಪಿದರೆ ಬಂದ ಉತ್ತರದ ಮೊದಲ ಒಂದಷ್ಟು ಅಕ್ಷರಗಳನ್ನು ಹಾಗೇ ಲಾಗ್‌ಗೆ ಹಾಕುತ್ತೇನೆ. ‘ಜೇಸನ್ ಪಾರ್ಸ್ ಆಗಲಿಲ್ಲ’ ಅಂತಷ್ಟೇ ಬರೆದ ಲಾಗ್‌ನಿಂದ ಯಾರಿಗೂ ಪ್ರಯೋಜನವಿಲ್ಲ.

ಇನ್ನೊಂದು ಮಾತು. ಒಂದೇ ಸಲ 50 ಶೀರ್ಷಿಕೆ ಕೇಳಬಹುದು, ಪೀಠಿಕೆಯ ಸಾರ ಮಾತ್ರ ಒಮ್ಮೆಗೆ 20ಕ್ಕೇ ಸಿಗುವುದು. ಉಳಿದ ಪುಟಗಳು ಸಾರದ ಕೀ ಇಲ್ಲದೆಯೇ ಬರುತ್ತವೆ. ಅದು ಲೇಖನ ಖಾಲಿ ಅಂತಲ್ಲ, ಜೊತೆಯಲ್ಲಿರುವ ‘ಕಂಟಿನ್ಯೂ’ ಮೌಲ್ಯಗಳನ್ನು ಹಾಕಿ ಮತ್ತೆ ಕೇಳಿ ಅಂತ. ಇಡೀ ಕನ್ನಡ ವಿಕಿಪೀಡಿಯವೇ ಬೇಕು ಅನ್ನುವವರು ಹೀಗೆ ಕೇಳುತ್ತಾ ಕೂರುವ ಬದಲು ವಿಕಿಪೀಡಿಯದ ಹಿಂದಿರುವ ಸಂಸ್ಥೆಯಾದ ವಿಕಿಮೀಡಿಯದ ಡಂಪ್ (ಎಲ್ಲ ಲೇಖನಗಳ ಒಟ್ಟು ಕಡತ) ಇಳಿಸಿಕೊಳ್ಳುವುದೇ ವಾಸಿ.